ಓಟು ಮೊದಲು ಬಂತು, ದೀಪ ಆಮೇಲೆ

ಪ್ರಿಯ ಅಕ್ಕೋರೆ,

ಶಿರಸಿ ಹತ್ತಿರದ ಹಳ್ಳಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು ನೀವು. ಊರಿಗೆ ಊರೇ ನಿಮ್ಮನ್ನು ಹೀಗೆ ಕರೆಯುತ್ತದೆ ಎಂದು ಬರೆದಿದ್ದೀರಿ, ಹಾಗಾಗಿ ನಾನೂ ಹಾಗೇ ಕರೆಯುತ್ತೇನೆ. ನಿಮ್ಮ ಪತ್ರ ಬಂದು ಮೂರು ವಾರ ಆಯ್ತು. ಎರಡು ಸಾಲಿನ ಉತ್ತರ ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ, ಅದಕ್ಕೇ ಇಷ್ಟು ತಡ.

ಬೇರೆ ಓದುಗರಿಗೂ ಗೊತ್ತಾಗಲಿ ಅಂತ ನಿಮ್ಮ ಪತ್ರದ ವಿಷಯ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ನಾವು ಎರಡು ಮಹಾಯುದ್ಧಗಳ ನಡುವಿನ ಅಮೆರಿಕದ ಬಗ್ಗೆ ಒಂದು ಲೇಖನ ಹಾಕಿದ್ದೆವು. ಕೂದಲು ಗಿಡ್ಡ ಮಾಡಿಸಿಕೊಂಡ ಹುಡುಗಿಯರು, ಜಾಝ್ ಸಂಗೀತ, ಕಂತಿನ ಮೇಲೆ ಕೊಂಡ ಕಾರು, 1920ರಿಂದ 1933ರವರೆಗಿನ ಪಾನನಿಷೇಧ, ಕದ್ದುಮುಚ್ಚಿ ನಡೆದ ಹೆಂಡದಂಗಡಿಗಳು, ಕೊನೆಗೆ 1929ರ ಷೇರುಪೇಟೆ ಕುಸಿತ, ಎಲ್ಲ ಅದರಲ್ಲಿತ್ತು. ಅದನ್ನು ಓದಿ ನೀವು ಕೇಳಿದಿರಿ: "ಇದೆಲ್ಲ ಪೇಟೆಯ ಕತೆ ಅಲ್ವಾ? ಹೊಲದ ಮನೆಯಲ್ಲಿದ್ದ ಹೆಂಗಸಿನ ಬದುಕು ಬದಲಾಗಲಿಲ್ವಾ?" ಜೊತೆಗೆ ಇನ್ನೊಂದು ಪ್ರಶ್ನೆ. ಒಹಾಯೊದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದ ಒಂದು ಕಬ್ಬಿಣದ ಗಟ್ಟಿಯನ್ನು ನೀವು ಎತ್ತಿ ನೋಡಿದಿರಂತೆ. ಒಂದೇ ನಿಮಿಷಕ್ಕೆ ಮಣಿಕಟ್ಟು ಸೋತಿತಂತೆ. ಅಂಗಡಿಯವರು ಅದರ ಹೆಸರು ‘ಸ್ಯಾಡ್ ಐರನ್’ ಅಂದರಂತೆ. ಇಸ್ತ್ರಿ ಪೆಟ್ಟಿಗೆಗೆ ದುಃಖ ಅಂತ ಯಾಕೆ ಹೆಸರಿಟ್ಟರು, ಎಂದು ಕೇಳಿದ್ದೀರಿ.

ಮೊದಲು ಹೆಸರಿನ ವಿಷಯ. ಹಳೇ ಇಂಗ್ಲಿಷಿನಲ್ಲಿ ‘ಸ್ಯಾಡ್’ ಅಂದರೆ ಭಾರ, ಗಟ್ಟಿ ಅನ್ನುವ ಅರ್ಥ ಇತ್ತು. ಅಷ್ಟೇ. ದುಃಖಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಅದನ್ನು ಹಿಡಿದ ಹೆಂಗಸರನ್ನು ಕೇಳಿದ್ದರೆ ಸಂಬಂಧ ಇದೆ ಎಂದೇ ಹೇಳುತ್ತಿದ್ದರೇನೋ.

ನಮ್ಮ ಕಡೆಯ ಹಳೇ ಇಸ್ತ್ರಿ ಪೆಟ್ಟಿಗೆಯ ಹೊಟ್ಟೆಯೊಳಗೆ ಕೆಂಡ ಹಾಕುತ್ತಿದ್ದರು, ನೀವು ನೋಡಿರುತ್ತೀರಿ. ಇದು ಹಾಗಲ್ಲ. ಒಳಗೆ ಟೊಳ್ಳೇ ಇಲ್ಲ, ಸುಮಾರು ಮೂರು ಕೆ.ಜಿ. ತೂಗುವ ಇಡೀ ಕಬ್ಬಿಣ. ಇಂಥ ಎರಡು ಮೂರನ್ನು ಸೌದೆ ಒಲೆಯ ಮೇಲೆ ಕಾಯಲು ಇಡಬೇಕು. ಒಂದನ್ನು ತೆಗೆದು ಬಟ್ಟೆಯ ಮೇಲೆ ಎಳೆಯಬೇಕು, ಕೆಲವೇ ನಿಮಿಷದಲ್ಲಿ ಅದು ಆರುತ್ತದೆ, ಅದನ್ನು ಒಲೆಗಿಟ್ಟು ಇನ್ನೊಂದನ್ನು ತೆಗೆದುಕೊಳ್ಳಬೇಕು. ಒಲೆಯ ಮಸಿ ಅಡಿಗೆ ಅಂಟಿರುತ್ತದೆ. ಒರೆಸುವುದು ಮರೆತರೆ ಬಿಳಿ ಅಂಗಿಗೆ ಕಪ್ಪು ಗೆರೆ ಬಿತ್ತು, ಅಂಗಿ ಮತ್ತೆ ಒಗೆಯುವ ತೊಟ್ಟಿಗೆ. ಹಿಡಿಕೆಯೂ ಕಬ್ಬಿಣದ್ದೇ ಆಗಿದ್ದರೆ ಬಟ್ಟೆ ಸುತ್ತಿಕೊಂಡು ಹಿಡಿಯಬೇಕು. ಅಯೋವಾ ರಾಜ್ಯದ ಮೇರಿ ಪಾಟ್ಸ್ ಎಂಬ ಹೆಂಗಸು 1871ರಲ್ಲೇ ಬಿಚ್ಚಿ ಹಾಕುವ ಮರದ ಹಿಡಿಕೆಗೆ ಪೇಟೆಂಟ್ ಪಡೆದಿದ್ದರು. ಕೈ ಸುಡುವುದು ಎಷ್ಟು ದೊಡ್ಡ ಕಷ್ಟ ಅಂತ ಗೊತ್ತಿದ್ದವರಿಗೇ ಅದು ಹೊಳೆದದ್ದು. ಇಷ್ಟಾದರೂ ಒಲೆ ಉರಿಯುತ್ತಲೇ ಇರಬೇಕಿತ್ತು. ಜುಲೈ ತಿಂಗಳ ಬಿಸಿಲಲ್ಲಿ, ಟೆಕ್ಸಸ್‌ನಂಥ ಕಡೆ, ಇಡೀ ಮಂಗಳವಾರ ಉರಿಯುವ ಒಲೆ ಪಕ್ಕ ನಿಂತು ಇಸ್ತ್ರಿ ಮಾಡುವುದು ಅಂದರೆ ಏನು ಅಂತ ಸ್ವಲ್ಪ ಯೋಚಿಸಿ.

ಮಂಗಳವಾರ ಯಾಕೆ ಅಂದೆ ಅಂದರೆ, ಅಲ್ಲಿ ಸೋಮವಾರ ಒಗೆತ, ಮಂಗಳವಾರ ಇಸ್ತ್ರಿ, ಇದು ಮನೆಮನೆಯ ಪದ್ಧತಿ. ಸೋಮವಾರ ಇನ್ನೂ ಕಷ್ಟ. ಬಾವಿಯಿಂದ ನೀರು ಸೇದಿ ತರಬೇಕು. ಅಂಗಳದಲ್ಲಿ ದೊಡ್ಡ ಕಬ್ಬಿಣದ ಹಂಡೆಗೆ ಬೆಂಕಿ ಹಾಕಬೇಕು. ಕೊಬ್ಬು ಮತ್ತು ಕ್ಷಾರ ಸೇರಿಸಿ ಮನೆಯಲ್ಲೇ ಮಾಡಿದ ಸೋಪು ಹಚ್ಚಿ ಗೀರುಹಲಗೆಯ ಮೇಲೆ ಉಜ್ಜಬೇಕು, ಆ ಸೋಪಿಗೆ ಕೈ ಒಡೆದುಹೋಗುತ್ತಿತ್ತು. ಕುದಿಯುವ ಬಟ್ಟೆಯನ್ನು ಕೋಲಲ್ಲಿ ತಿರುವಬೇಕು, ತೆಗೆದು ಜಾಲಾಡಬೇಕು, ನೀಲಿ ಹಾಕಬೇಕು, ಗಂಜಿ ಹಾಕಬೇಕು, ಕೈಯಲ್ಲೇ ಹಿಂಡಬೇಕು. ಹೊಲದಲ್ಲಿ ಗೇಯುವ ಗಂಡಸರ ಪ್ಯಾಂಟು ನೀರು ಕುಡಿದು ಎಷ್ಟು ಭಾರ ಆಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇದು ಹಳೇ ಕಾಲದ, ಅಂದರೆ ಅವರ ಅಜ್ಜಿಯ ಕಾಲದ ಕತೆಯಲ್ಲ. ನ್ಯೂಯಾರ್ಕಿನಲ್ಲಿ ಹುಡುಗಿಯರು ಜಾಝ್‌ಗೆ ಕುಣಿಯುತ್ತಿದ್ದ ಅದೇ ವರ್ಷಗಳ ಕತೆ. ನಮ್ಮ ಲೇಖನ ಬಿಟ್ಟುಬಿಟ್ಟದ್ದು ಇದನ್ನೇ. ನೀವು ಅದನ್ನು ಸರಿಯಾಗಿ ಹಿಡಿದಿರಿ.

1920ರ ಜನಗಣತಿಯನ್ನು ಎಲ್ಲರೂ ಉದಾಹರಿಸುತ್ತಾರೆ. ಅಮೆರಿಕದಲ್ಲಿ ಮೊದಲ ಸಲ ಅರ್ಧಕ್ಕಿಂತ ಜಾಸ್ತಿ ಜನ ಪಟ್ಟಣದಲ್ಲಿದ್ದಾರೆ ಎಂದು ಆಗ ಗೊತ್ತಾಯಿತು. ನಾವೂ ಹಾಗೇ ಬರೆದೆವು. ಆದರೆ ಆ ಲೆಕ್ಕದಲ್ಲಿ 2,500 ಜನ ಇದ್ದರೆ ಸಾಕು, ಅದು ಪಟ್ಟಣ. ನಮ್ಮ ಕಡೆಯಾದರೆ ಅದನ್ನು ಹಳ್ಳಿ ಅನ್ನುತ್ತೇವೆ. ಅಂಥ ಊರುಗಳನ್ನೂ ಸೇರಿಸಿಕೊಂಡ ಮೇಲೂ ಸುಮಾರು 10.6 ಕೋಟಿ ಜನರಲ್ಲಿ 5 ಕೋಟಿಗೂ ಹೆಚ್ಚು ಮಂದಿ ಹಳ್ಳಿಗಾಡಿನಲ್ಲೇ ಇದ್ದರು. ಅವರಲ್ಲಿ ಸುಮಾರು 3 ಕೋಟಿ ಜನ ಹೊಲದ ಮನೆಗಳಲ್ಲಿದ್ದವರು.

ಆ ಹೊತ್ತಿಗೇ ಅಮೆರಿಕದ ಕೃಷಿ ಇಲಾಖೆ ಒಂದು ಒಳ್ಳೇ ಕೆಲಸ ಮಾಡಿತು. ಉತ್ತರ ಮತ್ತು ಪಶ್ಚಿಮದ 33 ರಾಜ್ಯಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೈತರ ಮನೆಗಳ ಹೆಂಗಸರ ದಿನಚರಿ ಕೇಳಿಸಿತು. ಬೇಸಿಗೆಯಲ್ಲಿ ಅವರು ದಿನಕ್ಕೆ ಸರಾಸರಿ 13 ಗಂಟೆ ದುಡಿಯುತ್ತಿದ್ದರು. ನೂರಕ್ಕೆ 61 ಮಂದಿ ನೀರು ಹೊತ್ತು ತರುತ್ತಿದ್ದರು. ಇದೂ ಸ್ವಲ್ಪ ಅನುಕೂಲವಂತ ರಾಜ್ಯಗಳ ಲೆಕ್ಕ. ದಕ್ಷಿಣದ ಹತ್ತಿ ಹೊಲಗಳ ಗುಡಿಸಲುಗಳು ಇದರೊಳಗೆ ಬಂದೇ ಇಲ್ಲ.

ಈಗ ಒಂದು ಪತ್ರದ ಕತೆ ಹೇಳುತ್ತೇನೆ, ನಿಮಗೆ ಇಷ್ಟ ಆಗುತ್ತದೆ. 1920ರ ಆಗಸ್ಟ್. ಹೆಂಗಸರಿಗೆ ಓಟಿನ ಹಕ್ಕು ಕೊಡುವ ತಿದ್ದುಪಡಿಗೆ 36 ರಾಜ್ಯಗಳ ಒಪ್ಪಿಗೆ ಬೇಕಿತ್ತು, 35 ಆಗಿತ್ತು. ಟೆನೆಸಿ ರಾಜ್ಯದ ಶಾಸನಸಭೆಯಲ್ಲಿ ಎರಡೂ ಕಡೆ ಸಮಸಮ. ಹ್ಯಾರಿ ಬರ್ನ್ ಎಂಬ 24 ವರ್ಷದ ಶಾಸಕ ತಿದ್ದುಪಡಿಯ ವಿರೋಧಿಗಳ ಗುರುತಾಗಿದ್ದ ಕೆಂಪು ಗುಲಾಬಿ ಸಿಕ್ಕಿಸಿಕೊಂಡು ಬಂದಿದ್ದ. ಅವನ ಜೇಬಿನಲ್ಲಿ ಅಮ್ಮ ಫೆಬ್ ಬರ್ನ್ ಬರೆದ ಪತ್ರ ಇತ್ತು. ನಿಯೋಟ ಎಂಬ ಸಣ್ಣ ಊರಿನ ಹೊಲದ ಮನೆಯಿಂದ ಬಂದ ಪತ್ರ. ಮನೆಯ ಸುದ್ದಿ, ಊರ ಸುದ್ದಿ ಎಲ್ಲದರ ನಡುವೆ ಮಗನಿಗೆ ಒಂದು ಮಾತು: ಒಳ್ಳೇ ಹುಡುಗನಾಗಿರು, ಓಟಿನ ಹಕ್ಕಿನ ಪರ ನಿಲ್ಲು. ಆಗಸ್ಟ್ 18ರಂದು ಅವನು ಪರವಾಗಿ ಓಟು ಹಾಕಿದ. ಟೆನೆಸಿ 36ನೆಯ ರಾಜ್ಯವಾಯಿತು. ದೇಶದ ಸಂವಿಧಾನ ಬದಲಾಯಿತು. ಆ ಇಡೀ ದಶಕದ ಯಾವ ಕುಣಿತದ ಚಿತ್ರಕ್ಕಿಂತಲೂ ನನಗೆ ಈ ಕಾಗದ ದೊಡ್ಡದಾಗಿ ಕಾಣುತ್ತದೆ.

ಓಟು ಬಂತು. ನೀರಿನ ಬಕೆಟ್ಟು ಮಾತ್ರ ಕೈಯಿಂದ ಇಳಿಯಲಿಲ್ಲ.

ಏನೂ ಬದಲಾಗಲಿಲ್ಲ ಅಂತ ನಾನು ಹೇಳುತ್ತಿಲ್ಲ. ಬದಲಾವಣೆ ಬಂದ ಕ್ರಮವೇ ಬೇರೆ. 1930ರ ಗಣತಿ ನೋಡಿ: ನೂರು ಹೊಲಗಳಲ್ಲಿ 58ರಲ್ಲಿ ಕಾರಿತ್ತು, 34ರಲ್ಲಿ ಟೆಲಿಫೋನ್ ಇತ್ತು, 13ರಲ್ಲಿ ಮಾತ್ರ ವಿದ್ಯುತ್ ದೀಪ ಇತ್ತು. ಆ ದೀಪದಲ್ಲೂ ಕೆಲವು ಮನೆಯವರೇ ಸ್ವಂತ ಡೈನಮೋ ಇಟ್ಟು ಹೊತ್ತಿಸಿಕೊಂಡದ್ದು. ಕಾರೇ ಮೊದಲು ಬಂದದ್ದು ಯಾಕೆ? ಫೋರ್ಡ್ ಕಂಪನಿಯ ಮಾಡೆಲ್ ಟಿ ಅಷ್ಟು ಅಗ್ಗವಾಗಿತ್ತು, 1920ರ ದಶಕದ ನಡುವಿನಲ್ಲಿ 300 ಡಾಲರ್‌ಗಿಂತ ಕಡಿಮೆಗೆ ಸಿಗುತ್ತಿತ್ತು. ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಬೆಲ್ಟ್ ಹಾಕಿ, ಅದರಿಂದಲೇ ಸೌದೆ ಕೊಯ್ಯುತ್ತಿದ್ದರು, ನೀರೆತ್ತುತ್ತಿದ್ದರು. ಮನೆಯಲ್ಲಿ ಸ್ನಾನದ ತೊಟ್ಟಿ ಇಲ್ಲ, ಕಾರು ಯಾಕೆ ಕೊಂಡಿರಿ ಎಂದು ಸರಕಾರದವರು ಕೇಳಿದ್ದಕ್ಕೆ ಒಬ್ಬ ರೈತ ಹೆಂಗಸು, ತೊಟ್ಟಿಯಲ್ಲಿ ಕೂತು ಪೇಟೆಗೆ ಹೋಗಲು ಆಗುತ್ತಾ ಅಂದಳಂತೆ. ಆ ಮಾತನ್ನು ಅಲ್ಲಿ ಈಗಲೂ ನೆನೆಯುತ್ತಾರೆ. ಅವಳು ಕೇಳಿದ್ದು ನ್ಯಾಯವಾಗಿತ್ತು. ಮೈಲಿಗೊಂದು ಮನೆ ಇರುವ ಊರಿನಲ್ಲಿ ಇನ್ನೊಬ್ಬ ಹೆಂಗಸಿನ ಮುಖ ನೋಡುವುದೇ ವಾರಕ್ಕೊಮ್ಮೆ ಆಗಿದ್ದಾಗ ಕಾರು ಅಂದರೆ ಶೋಕಿ ಅಲ್ಲ.

ರೇಡಿಯೋ ಎರಡನೆಯದು. 1920ರ ನವೆಂಬರ್ 2ರಂದು ಪಿಟ್ಸ್‌ಬರ್ಗ್‌ನ ಕೆಡಿಕೆಎ ನಿಲ್ದಾಣ ಅಧ್ಯಕ್ಷರ ಚುನಾವಣೆಯ ಫಲಿತಾಂಶ ಓದಿತು. ಹತ್ತು ವರ್ಷದಲ್ಲಿ ಹತ್ತು ಮನೆಗೆ ನಾಲ್ಕರಲ್ಲಿ ರೇಡಿಯೋ ಬಂದಿತ್ತು. ಹಳ್ಳಿಯಲ್ಲಿ ಬ್ಯಾಟರಿ ರೇಡಿಯೋ. ಬ್ಯಾಟರಿ ಮುಗಿದರೆ ಪೇಟೆಗೆ ಹೊತ್ತೊಯ್ದು ಚಾರ್ಜ್ ಮಾಡಿಸಬೇಕು, ಹಾಗಾಗಿ ಯಾವ ಕಾರ್ಯಕ್ರಮ ಕೇಳಬೇಕು ಅಂತ ಮನೆಯಲ್ಲಿ ಮೊದಲೇ ತೀರ್ಮಾನ ಆಗುತ್ತಿತ್ತು. 1926ರಲ್ಲಿ ಕೃಷಿ ಇಲಾಖೆ ‘ಆಂಟ್ ಸ್ಯಾಮಿ’ ಎಂಬ ಪಾತ್ರ ಹುಟ್ಟುಹಾಕಿತು. ಅಮೆರಿಕ ಸರಕಾರವನ್ನು ವ್ಯಂಗ್ಯಚಿತ್ರಗಳಲ್ಲಿ ‘ಅಂಕಲ್ ಸ್ಯಾಮ್’ ಎಂಬ ಮುದುಕನಾಗಿ ತೋರಿಸುತ್ತಾರಲ್ಲ, ಅವನ ಹೆಂಡತಿ ಅಂತ ಕಲ್ಪನೆ. ಬರಹ ವಾಷಿಂಗ್ಟನ್ನಿನಿಂದ ಬರುತ್ತಿತ್ತು, ಓದುತ್ತಿದ್ದದ್ದು ಆಯಾ ನಿಲ್ದಾಣದ ಹೆಂಗಸು, ಆಯಾ ಸೀಮೆಯ ಮಾತಿನ ರಾಗದಲ್ಲಿ. ಅಡುಗೆ, ಕಲೆ ತೆಗೆಯುವುದು, ಮಕ್ಕಳ ಊಟ. ಚಿಕ್ಕಮ್ಮ ಬಂದು ಅಡುಗೆಮನೆಯಲ್ಲಿ ಕೂತು ಮಾತಾಡಿದ ಹಾಗೆ ಇರುತ್ತಿತ್ತು ಅನ್ನಿಸುತ್ತದೆ ನನಗೆ. ಒಂಟಿಯಾಗಿ ಕೆಲಸ ಮಾಡುವ ಹೆಂಗಸಿಗೆ ಒಂದು ದನಿ ಜೊತೆ ಸಿಕ್ಕಿತು.

ದೀಪ ಮಾತ್ರ ಯಾಕೆ ಬರಲಿಲ್ಲ? ಲೆಕ್ಕ ಸರಳ. ಖಾಸಗಿ ಕಂಪನಿಗಳು ಮೈಲಿಗೆ 2,000 ಡಾಲರ್‌ವರೆಗೂ ಖರ್ಚು ಹೇಳುತ್ತಿದ್ದವು, ಆ ದುಡ್ಡು ರೈತ ಮುಂಗಡ ಕೊಡಬೇಕು ಅನ್ನುತ್ತಿದ್ದವು. ಮೈಲಿಗೆ ಎರಡು ಮೂರು ಮನೆ ಇರುವಲ್ಲಿ ಅವರಿಗೆ ಲಾಭ ಕಾಣಲಿಲ್ಲ. ರೈತನ ಹತ್ತಿರ ದುಡ್ಡೂ ಇರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಒಂದು ಬುಷೆಲ್‌ಗೆ (ಅಲ್ಲಿ ಧಾನ್ಯ ಅಳೆಯುವ ಅಳತೆ) 2 ಡಾಲರ್ ದಾಟಿದ್ದ ಗೋಧಿ ಬೆಲೆ 1921ರ ಕೊನೆಗೆ ಅರ್ಧಕ್ಕೆ ಇಳಿದಿತ್ತು. ಪೇಟೆಯವರಿಗೆ ಕೆಟ್ಟ ಕಾಲ 1929ರಲ್ಲಿ ಶುರುವಾಯಿತು, ರೈತರಿಗೆ ಅದಕ್ಕೂ ಒಂಬತ್ತು ವರ್ಷ ಮೊದಲೇ ಶುರುವಾಗಿತ್ತು. ತಂತಿ ತಲೆಯ ಮೇಲೆ ಹಾದುಹೋಗುತ್ತದೆ, ಕೆಳಗಿನ ಮನೆಯಲ್ಲಿ ಸೀಮೆಎಣ್ಣೆ ದೀಪ. ನಮ್ಮಲ್ಲೂ ಹೀಗೇ ಆಯಿತಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಎಳೆದಾಗ ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ. ದಾರಿಯ ಹಳ್ಳಿಗಳು ಎಷ್ಟೋ ವರ್ಷ ಕತ್ತಲಲ್ಲೇ ಇದ್ದವು.

1935ರ ಮೇ 11ರಂದು ಅಧ್ಯಕ್ಷ ರೂಸ್‌ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕೆ ಒಂದು ಸಂಸ್ಥೆ ಮಾಡಿದರು. ಮುಂದಿನ ವರ್ಷ ನೆಬ್ರಾಸ್ಕದ ಸೆನೆಟರ್ ಜಾರ್ಜ್ ನಾರಿಸ್, ಟೆಕ್ಸಸ್‌ನ ಸ್ಯಾಮ್ ರೇಬರ್ನ್ ಸೇರಿ ಅದಕ್ಕೆ ಕಾನೂನಿನ ಬಲ ಕೊಡಿಸಿದರು. ಇಬ್ಬರೂ ಹೊಲದ ಮನೆಯಲ್ಲಿ ಬೆಳೆದವರು. ಖಾಸಗಿ ಕಂಪನಿಗಳೇ ಸಾಲ ತೆಗೆದುಕೊಂಡು ಲೈನ್ ಎಳೆಯಲಿ ಅಂತ ಮೊದಲ ಯೋಚನೆ ಇತ್ತು. ಕರೆಂಟು ನಿಜವಾಗಿ ಬೇಕಾದ ಹೊಲಗಳಿಗೆ ಆಗಲೇ ಕೊಟ್ಟಾಗಿದೆ, ಉಳಿದವರು ತೀರಾ ಕಡಿಮೆ ಎಂಬ ಅರ್ಥದ ವರದಿಯನ್ನು ಆ ಕಂಪನಿಗಳ ಸಮಿತಿ ಕೊಟ್ಟಿತು. ಹತ್ತರಲ್ಲಿ ಒಂಬತ್ತು ಹೊಲ ಕತ್ತಲಲ್ಲಿದ್ದಾಗ! ಓದುವಾಗ ನನಗೆ ಸಿಟ್ಟೇ ಬಂತು.

ಆಗ ರೈತರೇ ಸೊಸೈಟಿ ಕಟ್ಟಿದರು. ಸೊಸೈಟಿ ಅಂದರೇನು ಅಂತ ಶಿರಸಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸದಸ್ಯತ್ವಕ್ಕೆ 5 ಡಾಲರ್. ಇವತ್ತಿಗೆ ಪುಡಿಕಾಸು ಅನ್ನಿಸುತ್ತದೆ, ಆದರೆ ಬೆಳೆಗೆ ಬೆಲೆಯಿಲ್ಲದ ಆ ದಿನಗಳಲ್ಲಿ ಮನೆಯಲ್ಲಿ ನಗದು ಅಂತ ಓಡಾಡುತ್ತಿದ್ದದ್ದು ಹೆಚ್ಚಾಗಿ ಹೆಂಗಸರು ಮೊಟ್ಟೆ, ಬೆಣ್ಣೆ ಮಾರಿದ ದುಡ್ಡು. ಮಣ್ಣಿನ ರಸ್ತೆಗಳಲ್ಲಿ ಮನೆಯಿಂದ ಮನೆಗೆ ಹೋಗಿ, ಜಗಲಿಯಲ್ಲಿ ಕೂತು, ಸಹಿ ಹಾಕಿಸಬೇಕಿತ್ತು. ಸಾಕಷ್ಟು ಮನೆ ಸೇರಿದರೆ ಮಾತ್ರ ಸರಕಾರದ ಸಾಲ. ಕೆಲವರು ಇದು ಮೋಸ, ಸಾಲ ಮುಳುಗಿದರೆ ಹೊಲವೇ ಹೋದೀತು ಎಂದು ಹೆದರಿದರು. ಒಬ್ಬರು ಬೇಡ ಅಂದರೆ ಆಚೆಯ ನಾಲ್ಕು ಮನೆಗೂ ಲೈನ್ ಇಲ್ಲ. ಇದರ ಮಧ್ಯೆ ಕೆಲವು ಖಾಸಗಿ ಕಂಪನಿಗಳು ಹೆಚ್ಚು ಕರೆಂಟು ಬಳಸುವ ಅನುಕೂಲಸ್ಥರ ಮನೆಗಳಿಗೆ ಮಾತ್ರ ದಿಢೀರ್ ತಂತಿ ಎಳೆದು ಸೊಸೈಟಿಯ ನಕ್ಷೆಯನ್ನೇ ಕೆಡಿಸಿದವು. ಅವಕ್ಕೆ ಜನ ‘ಸ್ಪೈಟ್ ಲೈನ್’ ಅಂದರು, ಹೊಟ್ಟೆಕಿಚ್ಚಿನ ಲೈನು. ಇಷ್ಟೆಲ್ಲ ದಾಟಿ ಸೊಸೈಟಿಗಳು ನಿಂತವು. ಕಂಬ ನೆಟ್ಟವು. ಮೈಲಿಗೆ 1,000 ಡಾಲರ್‌ಗಿಂತ ಕಡಿಮೆಯಲ್ಲೇ ಲೈನ್ ಎಳೆಯಬಹುದು ಎಂದು ಮಾಡಿ ತೋರಿಸಿದವು.

ಟೆಕ್ಸಸ್‌ನ ಗುಡ್ಡಗಾಡಿನಲ್ಲಿ ಮನೆಗಳು ತೀರಾ ದೂರ ದೂರ. ಮೈಲಿಗೆ ಮೂರು ಮನೆ ಇರಬೇಕೆಂಬ ನಿಯಮಕ್ಕೆ ಅದು ಹೊಂದುತ್ತಿರಲಿಲ್ಲ. ಲಿಂಡನ್ ಜಾನ್ಸನ್ ಆಗ ಅಲ್ಲಿನ ಯುವ ಸಂಸದ, ಮುಂದೆ ದೇಶದ ಅಧ್ಯಕ್ಷರಾದವರು. ಅವರು ರೂಸ್‌ವೆಲ್ಟ್ ತನಕ ಹೋಗಿ ಆ ನಿಯಮ ಸಡಿಲಿಸಿಕೊಂಡು ಬಂದರು. 1939ರ ಕೊನೆಯಲ್ಲಿ ಅಲ್ಲಿ ದೀಪ ಹತ್ತಿತು. ಕೋಣೆಗೊಂದು ಬಲ್ಬು, ಮಾಡಿನಿಂದ ಇಳಿಬಿಟ್ಟ ವಯರಿನಲ್ಲಿ, ಮೇಲೆ ಶೇಡ್ ಕೂಡ ಇಲ್ಲ. ಹೀಗೆ ಮೊದಲ ದೀಪ ಕಂಡ ಊರುಗಳಲ್ಲಿ ಜನ ಅಂಗಳಕ್ಕೆ ಇಳಿದು, ದೂರ ನಿಂತು, ತಮ್ಮದೇ ಮನೆಯನ್ನು ನೋಡಿದ ನೆನಪುಗಳು ತುಂಬಾ ಇವೆ. ಇನ್ನೊಂದು ನೆನಪೂ ಅಷ್ಟೇ ಸಲ ಬರುತ್ತದೆ: ಗೋಡೆಗೆ ಎಷ್ಟು ಮಸಿ ಹಿಡಿದಿದೆ ಅಂತ ಹೆಂಗಸರಿಗೆ ಆ ರಾತ್ರಿ ಕಂಡಿತು, ಬೆಳಿಗ್ಗೆ ಎದ್ದು ತಿಕ್ಕಲು ಶುರುಮಾಡಿದರು.

ದೀಪ ಆದ ಮೇಲೆ ಜನ ಮೊದಲು ಕೊಂಡದ್ದು ಏನು ಗೊತ್ತಾ ಅಕ್ಕೋರೆ? ರೇಡಿಯೋ ಮತ್ತು ಇಸ್ತ್ರಿ ಪೆಟ್ಟಿಗೆ. ಫ್ರಿಜ್ ಅಲ್ಲ, ನೀರಿನ ಪಂಪೂ ಅಲ್ಲ, ಅವು ದುಬಾರಿ. ನೀವು ಎತ್ತಿ ನೋಡಿದ ಆ ಗಟ್ಟಿ ಒಲೆಯಿಂದ ಇಳಿದು ಬಾಗಿಲಿಗೆ ಅಡ್ಡ ಬಂದದ್ದು ಹೀಗೆ. 1938ರಿಂದ ಆ ಸರಕಾರಿ ಸಂಸ್ಥೆ ಊರೂರಿಗೆ ಡೇರೆ ಹೊತ್ತುಕೊಂಡು ಹೋಗಿ ಕರೆಂಟು ಬಳಸುವುದನ್ನು ತೋರಿಸಿತು, ಜನ ಅದನ್ನು ಸರ್ಕಸ್ ಅಂತಲೇ ಕರೆದರು. ಅಡುಗೆ ಮಾಡಿ ತೋರಿಸುತ್ತಿದ್ದವರಲ್ಲಿ ಲೂಯಿಸನ್ ಮೇಮರ್ ಎಂಬವರು ಸ್ವತಃ ಇಲಿನಾಯ್‌ನ ಕರೆಂಟಿಲ್ಲದ ಹೊಲದ ಮನೆಯಲ್ಲಿ ಬೆಳೆದವರು. ಎದುರು ಕೂತ ಹೆಂಗಸರ ಕಷ್ಟ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೂ 1940ರ ಹೊತ್ತಿಗೆ ಮೂರು ಹೊಲಗಳಲ್ಲಿ ಒಂದಕ್ಕೆ ಮಾತ್ರ ಕರೆಂಟು ಸಿಕ್ಕಿತ್ತು. ಉಳಿದವರಲ್ಲಿ ಯಾರಿದ್ದರು? ದಕ್ಷಿಣದಲ್ಲಿ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಕರಿಯರು, ಬಡ ಬಿಳಿಯರು. ಮನೆ ಅವರದಲ್ಲ, ವೈರಿಂಗ್ ಮಾಡಿಸಲು ಜಮೀನ್ದಾರ ಒಪ್ಪಬೇಕು. 1933ರಲ್ಲಿ ಹತ್ತಿ ಬೆಳೆ ಕಡಿಮೆ ಮಾಡಲು ಸರಕಾರ ಕೊಟ್ಟ ಪರಿಹಾರವೂ ಹೆಚ್ಚಾಗಿ ಜಮೀನ್ದಾರನ ಕೈ ಸೇರಿತು, ಎಷ್ಟೋ ಪಾಲುಗಾರರನ್ನು ಎಬ್ಬಿಸಿಯೇ ಬಿಟ್ಟರು. 1935ರ ಪಿಂಚಣಿ ಕಾನೂನು ಹೊಲದ ಕೂಲಿಯವರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಕರಿಯ ಹೆಂಗಸರಲ್ಲಿ ಹೆಚ್ಚಿನವರು ಮಾಡುತ್ತಿದ್ದದ್ದು ಆ ಎರಡೇ ಕೆಲಸ. 1920ರ ಓಟಿನ ಹಕ್ಕು ಕೂಡ ದಕ್ಷಿಣದಲ್ಲಿ ಅವರ ಪಾಲಿಗೆ 1965ರವರೆಗೆ ಬಹುಮಟ್ಟಿಗೆ ಕಾಗದದ ಮೇಲೇ ಉಳಿಯಿತು. ಲಕ್ಷಾಂತರ ಮಂದಿ ಚಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕ್‌ಗೆ ಹೊರಟುಹೋದರು. ನಮ್ಮ ಲೇಖನದ ಜಾಝ್ ಅವರ ಜೊತೆಗೇ ರೈಲು ಹತ್ತಿ ಉತ್ತರಕ್ಕೆ ಹೋದದ್ದು. ಅವರ ಸಂಗೀತದ ಬಗ್ಗೆ ಬರೆದು ಅವರ ಗುಡಿಸಲಿನ ಬಗ್ಗೆ ಬರೆಯದೇ ಇದ್ದದ್ದು ನಮ್ಮ ತಪ್ಪು.

ಆ ಪ್ರಪಂಚವನ್ನು ಹತ್ತಿರದಿಂದ ಕಂಡ ನಮ್ಮವರೊಬ್ಬರಿದ್ದಾರೆ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಎರಡನೇ ಮಹಾಯುದ್ಧದ ಮೊದಲ ವರ್ಷಗಳಲ್ಲಿ ಅವರು ಅಮೆರಿಕದಲ್ಲಿ ತಿರುಗಾಡುತ್ತಿದ್ದರು. ದಕ್ಷಿಣದ ರೈಲಿನಲ್ಲಿ ಬಿಳಿಯರ ಡಬ್ಬಿಯಲ್ಲಿ ಕೂತಿದ್ದಾಗ ಟಿಕೆಟ್ ಕಲೆಕ್ಟರ್ ಬಂದು ಎದ್ದು ಹೋಗಿ ಅಂದ. ಅವರು ಏಳಲಿಲ್ಲ. ಭಾರತದವಳು ಅಂತ ಹೇಳಿಕೊಂಡು ಬಚಾವಾಗಬಹುದಿತ್ತು. ಹಾಗೆ ಮಾಡದೆ, ನಾನೂ ಬಣ್ಣದವಳೇ, ಇಲ್ಲಿಂದ ಕದಲುವುದಿಲ್ಲ ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟು ಕೂತೇ ಇದ್ದರು. ಅವನು ಹೊರಟುಹೋದ.

ಇನ್ನು ನೀವು ಪತ್ರದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದ ಪ್ರಶ್ನೆ: ಯಂತ್ರ ಬಂದ ಮೇಲೆ ಹೆಂಗಸರ ಕೆಲಸ ಕಡಿಮೆ ಆಯ್ತಾ? ಗಂಟೆ ಲೆಕ್ಕದಲ್ಲಿ ಹೆಚ್ಚೇನೂ ಆಗಲಿಲ್ಲ. ಪೂರ್ತಿ ಮನೆಯಲ್ಲೇ ಇರುವ ಹೆಂಗಸರು 1920ರ ದಶಕದಲ್ಲೂ ವಾರಕ್ಕೆ 50 ಗಂಟೆಗಿಂತ ಹೆಚ್ಚು ಮನೆಗೆಲಸ ಮಾಡುತ್ತಿದ್ದರು, 1960ರ ದಶಕದಲ್ಲೂ ಅಷ್ಟೇ. ವಾರಕ್ಕೊಮ್ಮೆ ಬದಲಿಸುತ್ತಿದ್ದ ಅಂಗಿಯನ್ನು ದಿನಾ ಬದಲಿಸಲು ಶುರುಮಾಡಿದರು. ಹೊರಗೆ ಕೊಡುತ್ತಿದ್ದ ಒಗೆತ ಮನೆಯೊಳಗೆ ಬಂತು. ಕೆಲಸದವರು ಕಾರ್ಖಾನೆಗೆ ಹೋದರು. ಇದನ್ನು ಹಿಡಿದು, ಹಾಗಾದರೆ ಯಂತ್ರದಿಂದ ಏನೂ ಆಗಲಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಂಟೆ ಒಂದೇ ಇರಬಹುದು, ಬೆನ್ನಿನ ಮೇಲಿನ ಭಾರ ಒಂದೇ ಅಲ್ಲ. ಬಾವಿಯಿಂದ ನೀರು ಹೊತ್ತು ನಲವತ್ತಕ್ಕೇ ಬಾಗಿದ ಬೆನ್ನಿನ ಹೆಂಗಸಿಗೆ ನಲ್ಲಿ ತಿರುಗಿಸುವುದೂ ಕೆಲಸವೇ ಅಲ್ವಾ ಅಂತ ಯಾರು ಹೇಳುತ್ತಾರೆ?

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿದೆ, ನೀವು ಅದನ್ನು ಹಾಗೇ ದಾಟಿ ಹೋಗಿದ್ದೀರಿ. ನಿಮ್ಮ ಊರಿಗೆ ಕರೆಂಟು ಬಂದ ದಿನ ನಿಮ್ಮ ಅಮ್ಮ ಅಡುಗೆಮನೆಯ ಬಲ್ಬನ್ನು ಹಾಕಿದರು, ಆರಿಸಿದರು, ಮತ್ತೆ ಹಾಕಿದರು, ಆಮೇಲೆ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಲು ಎದ್ದರು ಅಂತ. ಯಾವ ವರ್ಷ ಅದು? ಕಂಬ ಯಾರು ಹೊತ್ತರು, ಬಲ್ಬು ಎಲ್ಲಿಂದ ತಂದರು, ಬೀಸುವ ಕಲ್ಲು ಆಮೇಲೆ ಎಷ್ಟು ದಿನ ಬಳಕೆಯಲ್ಲಿತ್ತು? ಬರೆದು ಕಳಿಸಿ. ಪುಟದ ಲೆಕ್ಕ ಹಾಕಬೇಡಿ, ಎಷ್ಟು ಉದ್ದ ಆದರೂ ಹಾಕುತ್ತೇನೆ. ಆ ಸ್ಯಾಡ್ ಐರನ್ನಿನ ಫೋಟೋ ಮಗನ ಹತ್ತಿರ ಇದ್ದರೆ ಅದನ್ನೂ ಕಳಿಸಲು ಹೇಳಿ.

ನಿಮ್ಮ,
ಸಂಪಾದಕ